ಕಾರ್ಣಿಕದಿಂದ ಫೌಂಡೇಶನ್‌ವರೆಗೆ: ರಸಿಕರಿಗೊಂದು ಕೈಪಿಡಿ

ವೈಜ್ಞಾನಿಕ ಕಾದಂಬರಿಗಳ ಸರಣಿ ಎಂದ ಕೂಡಲೇ ಅದು ನಮಗಲ್ಲ, ದೊಡ್ಡ ಪಟ್ಟಣದ ಹುಡುಗರಿಗೆ ಎಂದು ಕೈಬಿಡುವವರಿದ್ದಾರೆ. ರೋಣ, ನರಗುಂದ, ಗಜೇಂದ್ರಗಡದ ಓದುಗರು ಹಾಗೆ ಕೈಬಿಡಲು ಕಾರಣವೇ ಇಲ್ಲ. ಐಸಾಕ್ ಅಸಿಮೋವ್ ಬರೆದ ‘ಫೌಂಡೇಶನ್’, ಫ್ರಾಂಕ್ ಹರ್ಬರ್ಟ್ ಬರೆದ ‘ಡ್ಯೂನ್’ ಎರಡೂ ಭವಿಷ್ಯವಾಣಿಯ ಸುತ್ತ ಹೆಣೆದ ಸರಣಿಗಳು. ಮುಂದಾಗುವುದನ್ನು ಒಬ್ಬ ನುಡಿಯುತ್ತಾನೆ, ಉಳಿದವರು ಅದರ ಅರ್ಥಕ್ಕಾಗಿ ತಲೆಮಾರುಗಟ್ಟಲೆ ಬಡಿದಾಡುತ್ತಾರೆ. ವರ್ಷಕ್ಕೊಮ್ಮೆ ಮೈಲಾರದಿಂದ ಬರುವ ಕಾರ್ಣಿಕದ ಒಂದು ಸಾಲನ್ನು ಹಿಡಿದು ಕಟ್ಟೆಯ ಮೇಲೆ ಮಳೆ, ಬೆಳೆ, ಸರ್ಕಾರಗಳ ಲೆಕ್ಕ ಹಾಕುವ ಸೀಮೆಯವರಿಗೆ ಈ ಆಟದ ಅರ್ಧ ನಿಯಮ ಆಗಲೇ ಗೊತ್ತು. ಉಳಿದರ್ಧಕ್ಕೆ ಈ ಬರಹ. ನನ್ನ ವಾದ ಒಂದೇ: ಭವಿಷ್ಯವಾಣಿಯನ್ನು ಸವಿಯಬೇಕಾದವನು ‘ನಿಜವಾಯಿತೇ?’ ಎಂಬ ಪ್ರಶ್ನೆಯನ್ನು ಬದಿಗಿಡಬೇಕು. ನುಡಿ ಹೊರಬಿದ್ದ ಗಳಿಗೆಯಿಂದ ಘಟನೆ ನಡೆಯುವ ಗಳಿಗೆಯವರೆಗೆ ಜನ ಅದನ್ನು ಹೇಗೆಲ್ಲ ಓದಿಕೊಂಡರು, ಓದಿಕೊಂಡು ಏನು ಮಾಡಿದರು ಎಂಬುದನ್ನು ನೋಡಬೇಕು. ಕಾರ್ಣಿಕದ ರಸವೂ ಸರಣಿಯ ರಸವೂ ಅಲ್ಲಿಯೇ ಇದೆ.

ಮೊದಲು ಕಾರ್ಣಿಕ. ತುಂಗಭದ್ರೆಯ ದಂಡೆಯ ಮೈಲಾರ ಈಗ ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿಗೆ ಸೇರಿದೆ. ಭರತ ಹುಣ್ಣಿಮೆಯಾದ ಮೇಲೆ ಅಲ್ಲಿನ ಡೆಂಕನಮರಡಿಯಲ್ಲಿ, ದಿನಗಟ್ಟಲೆ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರುತ್ತಾನೆ. ‘ಏಳು ಕೋಟಿ’ಯ ಘೋಷದಲ್ಲಿ ಮುಳುಗಿದ್ದ ಜನಸಾಗರ, ಅವನು ಮೇಲಿನಿಂದ ‘ಸದ್ದಲೇ’ ಎಂದ ಕೂಡಲೇ ಮೌನವಾಗುತ್ತದೆ. ಆಮೇಲೆ ಒಂದೇ ಒಂದು ವಾಕ್ಯ, ಕೊನೆಗೆ ‘ಪರಾಕ್’. ಅಷ್ಟೆ. ಹೇಳಿದವನು ಕೆಳಕ್ಕೆ ಬೀಳುತ್ತಾನೆ, ಭಕ್ತರು ಹಿಡಿದುಕೊಳ್ಳುತ್ತಾರೆ. ಅವನು ವಿವರಣೆ ಕೊಡುವುದಿಲ್ಲ, ಮತ್ತೊಮ್ಮೆ ಹೇಳುವುದಿಲ್ಲ. ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ ಊರು ರೋಣ. ಅಲ್ಲಿಯವರಿಗೆ ಖ್ಯಾಲ್ ಗಾಯನದ ಮಾತಿನಲ್ಲಿ ಹೇಳಿದರೆ ಇದು ಬೇಗ ತಿಳಿದೀತು. ಖ್ಯಾಲಿನಲ್ಲಿಯೂ ಬಂದಿಶ್ ಎಂದರೆ ಎರಡೇ ಸಾಲು, ಗಂಟೆಗಟ್ಟಲೆ ನಡೆಯುವುದು ಅದರ ವಿಸ್ತಾರ. ಖ್ಯಾಲಿನಲ್ಲಿ ವಿಸ್ತಾರ ಮಾಡುವವನು ಗಾಯಕ, ಕಾರ್ಣಿಕದಲ್ಲಿ ಆ ಕೆಲಸ ಕೇಳಿದವರ ಪಾಲಿಗೆ ಬರುತ್ತದೆ.

ಆ ವಿಸ್ತಾರ ಹೇಗೆ ನಡೆಯುತ್ತದೆ ಎಂಬುದಕ್ಕೆ ಈಚಿನ ಎರಡು ಕಾರ್ಣಿಕಗಳು ಸಾಕು. 2023ರ ಫೆಬ್ರುವರಿಯಲ್ಲಿ ಬಂದದ್ದು ಅಂಬಲಿ ಹಳಸಿತು, ಕಂಬಳಿ ಬೀಸಿತು ಎಂಬ ನುಡಿ. ಹೊಲದವನ ಕಿವಿಗೆ ಅಂಬಲಿ ಎಂದರೆ ಹೊಟ್ಟೆಯ ಮಾತು, ಕಂಬಳಿ ಎಂದರೆ ಮಳೆ ಚಳಿಯ ಮಾತು. ಅದು ವಿಧಾನಸಭೆ ಚುನಾವಣೆಯ ವರ್ಷವೂ ಆಗಿತ್ತಾದ್ದರಿಂದ, ರಾಜಕಾರಣ ಬಲ್ಲವನ ಕಿವಿಗೆ ಹಳಸಿದ್ದು ಆಳುತ್ತಿದ್ದ ಸರ್ಕಾರ. ಮೇ ತಿಂಗಳಲ್ಲಿ ಫಲಿತಾಂಶ ಬಂದು ಸಿದ್ದರಾಮಯ್ಯ ಮುಖ್ಯಮಂತ್ರಿಯಾದ ಮೇಲಂತೂ ಕಂಬಳಿಯನ್ನು ಅವರ ಹಾಲುಮತ ಸಮುದಾಯದ ಗುರುತಾಗಿ ಹೊಂದಿಸಿಕೊಳ್ಳುವುದು ಬಲು ಸುಲಭ. ಆದರೆ ಫೆಬ್ರುವರಿಯಲ್ಲಿ ಈ ಅರ್ಥಗಳೆಲ್ಲ ಒಟ್ಟಿಗೆ ಉಸಿರಾಡುತ್ತಿದ್ದವು. ಕಂಬಳಿ ಬೀಸುವುದೆಂದರೆ ಹೊದೆಯುವುದೋ, ಕೊಡವುವುದೋ, ಎತ್ತಿಕೊಂಡು ಹೊರಡುವುದೋ ಎಂಬುದೂ ಇತ್ಯರ್ಥವಾಗಿರಲಿಲ್ಲ. 2025ರಲ್ಲಿ ತುಂಬಿದ ಕೊಡ ತುಳುಕಿತು ಎಂದಾಯಿತು. ತುಳುಕುವುದು ಸಮೃದ್ಧಿಯೋ, ಪೋಲೋ? ನರಗುಂದದವನು ಇದನ್ನು ಕೇಳುವ ರೀತಿಯೇ ಬೇರೆ. 1980ರ ಜುಲೈನಲ್ಲಿ ಮಲಪ್ರಭಾ ಕಾಲುವೆಯ ರೈತರ ಬಂಡಾಯ ಕಂಡ ಊರದು. 2015ರಿಂದ ಮಹದಾಯಿ ನೀರಿಗಾಗಿ ಧರಣಿ ಕುಳಿತ ಊರೂ ಅದೇ. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದು ತೀರ್ಪು ಕೊಟ್ಟ ಮೇಲೂ ನೀರಿಗೆ ಕಾಯುತ್ತಲೇ ಇರುವವರಿಗೆ ಕೊಡ ಎಂಬ ಮಾತು ಬರೀ ಅಲಂಕಾರವಾಗಿ ಕೇಳಿಸಲಾರದು. ನುಡಿ ಒಂದೇ, ಕೇಳುವ ನೆಲ ಬದಲಾದಂತೆ ಅರ್ಥ ಬದಲಾಗುತ್ತದೆ. ಆದ್ದರಿಂದ ರಸಿಕನ ಮೊದಲ ಅಭ್ಯಾಸ ಇದು: ಯಾವ ಓದನ್ನು ಯಾರು, ಯಾವ ಊರಿನಲ್ಲಿ, ಯಾವ ತಿಂಗಳಲ್ಲಿ ಹೇಳಿದರು ಎಂಬುದನ್ನು ಬರೆದಿಡುವುದು.

ತಿಂಗಳು ಎಂದದ್ದಕ್ಕೆ ಕಾರಣವಿದೆ. ಭರತ ಹುಣ್ಣಿಮೆಯ ಹೊತ್ತಿಗೆ ರೋಣದ ಎರಿ ಹೊಲಗಳಲ್ಲಿ ಜೋಳ, ಕಡಲೆಯ ಸುಗ್ಗಿ ನಡೆದಿರುತ್ತದೆ. ಮೈಲಾರದ ನುಡಿಯನ್ನು ಆಗ ಬರುವ ವರ್ಷಕ್ಕೆ ಅನ್ವಯಿಸಿಕೊಳ್ಳಬೇಕು. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಮಾಲತೇಶನ ಕಾರ್ಣಿಕವಾದರೋ ಮಹಾನವಮಿಯ ಹೊತ್ತಿಗೆ, ಹಿಂಗಾರಿ ಬಿತ್ತನೆಯ ಕಾಲಕ್ಕೇ ಸರಿಯಾಗಿ ಬರುತ್ತದೆ. ಒಂದು ಸುಗ್ಗಿಯ ನುಡಿ, ಇನ್ನೊಂದು ಬಿತ್ತನೆಯ ನುಡಿ. ಕೇಳುವವನ ಕಾತರ ಎರಡರಲ್ಲೂ ಒಂದೇ ಆಗಿರಲಾರದು. ಧಾರವಾಡ ತಾಲ್ಲೂಕಿನ ಹನುಮನಕೊಪ್ಪದಲ್ಲಿ ಮಾತೇ ಇಲ್ಲದ ಭವಿಷ್ಯವಿದೆ: ಯುಗಾದಿ ಅಮಾವಾಸ್ಯೆಯಂದು ತುಪ್ಪರಿಹಳ್ಳದ ದಂಡೆಯ ಮೇಲೆ ಬೊಂಬೆ, ಕಾಳುಗಳನ್ನಿಟ್ಟು, ಮರುದಿನ ಬೆಳಿಗ್ಗೆ ಯಾವುದು ಏನಾಗಿದೆ ಎಂದು ಓದುತ್ತಾರೆ. ಇದನ್ನೂ ನೋಡಿದವರಿಗೆ ಭವಿಷ್ಯವಾಣಿಯ ಮುಖ್ಯ ಕೆಲಸ ಓದುವುದೇ, ನುಡಿಯುವುದು ಅದಕ್ಕೊಂದು ನೆಪ ಎಂದು ಮನದಟ್ಟಾಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ, ಸರಣಿಗಳನ್ನು ಓದುವಾಗ ಬಹಳ ಉಪಯೋಗಕ್ಕೆ ಬರುವಂಥದು. ಕಾರ್ಣಿಕ ಮುಂದಿನದನ್ನು ಹೇಳುತ್ತದೆ, ಆದರೆ ಅಂಬಲಿ, ಕೊಡದ ಆ ಎರಡೂ ನುಡಿಗಳ ಕ್ರಿಯಾಪದ ಭೂತಕಾಲದ್ದು. ತುಳುಕುತ್ತದೆ ಎನ್ನಲಿಲ್ಲ, ತುಳುಕಿತು ಎಂದಿತು. ನುಡಿಯುವವನು ಆಗಲೇ ಆಚೆ ದಡದಲ್ಲಿ ನಿಂತು ಹೇಳಿದಂತಿದೆ. ನಮ್ಮ ಕಾಲಜ್ಞಾನ ಸಾಹಿತ್ಯದ ಒಂದು ಭಾಗದಲ್ಲಿ ಇದಕ್ಕೆ ತದ್ವಿರುದ್ಧವಾದುದು ನಡೆಯುತ್ತದೆ. ವಿದ್ಯಾರಣ್ಯರ ಹೆಸರಿನಲ್ಲಿ ಬಂದ ಕಾಲಜ್ಞಾನದಲ್ಲಿ ವಿಜಯನಗರದ ಅರಸರು ಮುಂದೆ ಬರಲಿರುವವರಂತೆ ಬರುತ್ತಾರೆ. ಆದರೆ ಅದು ಆ ಅರಸರೆಲ್ಲ ಆಳಿ ಮುಗಿಸಿದ ಮೇಲೆ ರೂಪುಗೊಂಡ ಕೃತಿ ಎಂಬುದು ಇತಿಹಾಸಕಾರರ ನಿರ್ಣಯ. ಆಗಿಹೋದದ್ದನ್ನು ಭವಿಷ್ಯ ಎಂದು ಹೇಳುವುದು ಮೋಸವೇ? ಪೂರ್ತಿ ಹಾಗೆನ್ನಲು ನಾನು ಒಪ್ಪುವುದಿಲ್ಲ. 1565ರ ಸೋಲಿನ ನಂತರ ನೆಲೆ ಕಳೆದುಕೊಂಡ ಜನಕ್ಕೆ, ನಡೆದದ್ದಕ್ಕೊಂದು ಕ್ರಮವಿತ್ತು, ಇನ್ನೂ ಬರಬೇಕಾದದ್ದು ಬಾಕಿಯಿದೆ ಎಂಬ ಭರವಸೆ ಬೇಕಿತ್ತು. ಕೊಡೇಕಲ್ಲ ಬಸವಣ್ಣನ ಪರಂಪರೆಯ ಕಾಲಜ್ಞಾನದಲ್ಲಿಯೂ ವೀರವಸಂತರಾಯನೆಂಬ ಅರಸನಿಗಾಗಿ ಕಾಯುವ ಧ್ವನಿ ಕೇಳುತ್ತದೆ. ಇಂಥವನ್ನು ಹಿಡಿದಾಗ ಅವು ಏನನ್ನು ಮುನ್ನುಡಿದವು ಎನ್ನುವುದಕ್ಕಿಂತ, ಯಾವ ನೋವಿನಲ್ಲಿ ಹುಟ್ಟಿದವು ಎಂದು ನೋಡುವುದು ಲೇಸು.

ಈ ಕಿವಿಯನ್ನು ಹೊತ್ತುಕೊಂಡು ಈಗ ‘ಫೌಂಡೇಶನ್’ಗೆ ಹೋಗಬಹುದು. ಗಿಬ್ಬನ್ ಬರೆದ ರೋಮ್ ಸಾಮ್ರಾಜ್ಯದ ಪತನದ ಇತಿಹಾಸ ಅಸಿಮೋವ್‌ಗೆ ಪ್ರೇರಣೆ. 1942ರಿಂದ ಪತ್ರಿಕೆಯಲ್ಲಿ ಕಥೆಗಳಾಗಿ ಬಂದದ್ದು 1951ರಿಂದ 1953ರೊಳಗೆ ಮೂರು ಪುಸ್ತಕಗಳಾಯಿತು. 1966ರಲ್ಲಿ ಅದುವರೆಗಿನ ಶ್ರೇಷ್ಠ ಸರಣಿ ಎಂದು ಹ್ಯೂಗೋ ಪ್ರಶಸ್ತಿ ಬಂತು. ಹಾರಿ ಸೆಲ್ಡನ್ ಎಂಬ ಗಣಿತಜ್ಞ ನಕ್ಷತ್ರಗಳುದ್ದಕ್ಕೂ ಹರಡಿದ ಸಾಮ್ರಾಜ್ಯ ಕುಸಿಯುತ್ತದೆಂದು ಲೆಕ್ಕ ಹಾಕುತ್ತಾನೆ. 30,000 ವರ್ಷ ಕತ್ತಲೆ ಕವಿಯಬೇಕಿದ್ದುದನ್ನು 1,000 ವರ್ಷಕ್ಕೆ ಇಳಿಸಲು ಒಂದು ಯೋಜನೆ ಮಾಡುತ್ತಾನೆ. ಅವನು ಸತ್ತ ಮೇಲೂ ಸಂಕಟದ ಗಳಿಗೆಗಳಲ್ಲಿ, ಮೊದಲೇ ದಾಖಲಿಸಿಟ್ಟ ಅವನ ಬಿಂಬ ಕಾಣಿಸಿಕೊಂಡು ಮಾತಾಡುತ್ತದೆ. ಅವನ ವಿದ್ಯೆಗೆ ಎರಡು ಕಟ್ಟುಪಾಡುಗಳಿವೆ: ಜನಸಮೂಹ ಬಹಳ ದೊಡ್ಡದಿರಬೇಕು, ಭವಿಷ್ಯದ ಲೆಕ್ಕ ಆ ಜನಕ್ಕೆ ತಿಳಿದಿರಬಾರದು. ಎರಡನೆಯ ಕಟ್ಟುಪಾಡನ್ನು ಮೈಲಾರದ ಪಕ್ಕಕ್ಕಿಟ್ಟು ನೋಡಿ. ಗೊರವಯ್ಯ ಸಾವಿರಾರು ಜನರ ನಡುವೆ ಎತ್ತರದಲ್ಲಿ ನಿಂತು ನುಡಿಯುತ್ತಾನೆ, ಏಕೆಂದರೆ ಅಲ್ಲಿ ಜನ ಕೇಳಿ ಎಚ್ಚರಾಗಬೇಕು. ಸೆಲ್ಡನ್ ಮುಚ್ಚಿಡುತ್ತಾನೆ, ಏಕೆಂದರೆ ಜನ ಎಚ್ಚರಾದರೆ ಅವನ ಲೆಕ್ಕ ಕೆಡುತ್ತದೆ. ಕಾರ್ಣಿಕ ಬಲ್ಲ ಓದುಗ ಇಲ್ಲಿ ಸುಮ್ಮನಿರಲಾರ. ಕೇಳುವ ಹಕ್ಕನ್ನೇ ಕಸಿದುಕೊಂಡ ಭವಿಷ್ಯ ಎಂಥದು ಎಂಬ ಪ್ರಶ್ನೆ ಅವನಲ್ಲಿ ಏಳುತ್ತದೆ. ನನ್ನ ಮಟ್ಟಿಗೆ ಆ ಸರಣಿಯನ್ನು ಓದಲು ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ.

‘ಡ್ಯೂನ್’ (1965) ಇನ್ನೂ ಕಟುವಾದ ಪ್ರಶ್ನೆ ಕೇಳುತ್ತದೆ. ಅಲ್ಲಿ ಬೆನೆ ಗೆಸ್ಸೆರಿಟ್ ಎಂಬ ಸ್ತ್ರೀಯರ ಸಂಘ ಗ್ರಹಗಳಲ್ಲಿ ಮೊದಲೇ ಭವಿಷ್ಯವಾಣಿಗಳನ್ನು ಬಿತ್ತಿರುತ್ತದೆ, ಮುಂದೆಂದಾದರೂ ತಮ್ಮವರಿಗೆ ಆಸರೆಯಾಗಲಿ ಎಂದು. ಮರಳುಗಾಡಿನ ಜನ ನಂಬಿ ಕಾಯುತ್ತಾರೆ. ಓಡಿಬಂದ ಪೌಲ್ ಎಂಬವನು ಆ ನಂಬಿಕೆಯೊಳಗೆ ಕಾಲಿಟ್ಟು ನಾಯಕನಾಗುತ್ತಾನೆ. 2021, 2024ರ ಸಿನಿಮಾಗಳನ್ನಷ್ಟೇ ನೋಡಿದವರು 1969ರ ಎರಡನೆಯ ಕಾದಂಬರಿ ‘ಡ್ಯೂನ್ ಮೆಸ್ಸಾಯಾ’ ಓದಲೇಬೇಕು. ಅವನ ಹೆಸರಿನಲ್ಲಿ ನಡೆದ ಸಂಹಾರದ ಲೆಕ್ಕ ಅಲ್ಲಿದೆ.

ಈ ಬಗೆಯ ಓದಿಗೆ ಆಕ್ಷೇಪಗಳು ಬರುತ್ತವೆ, ಬರಬೇಕು. ಕಾರ್ಣಿಕ ದೇವರ ನುಡಿ, ಅದನ್ನು ಕಥೆ ಕಾದಂಬರಿಯ ಸಾಲಿಗೆ ತರುವುದು ಅಪಚಾರ ಎಂದು ಭಕ್ತರು ಹೇಳಬಹುದು. ಆದರೆ ನುಡಿ ಬಿದ್ದ ಗಳಿಗೆಯಿಂದ ಅರ್ಥ ಹುಡುಕುವವರು ಭಕ್ತರೇ. ಹುಡುಕಾಟ ಹೊರಗಿನವರು ತಂದದ್ದಲ್ಲ. ಆ ಹುಡುಕಾಟವನ್ನು ಎಚ್ಚರದಿಂದ ಮಾಡಿ ಎನ್ನುವುದು ಭಕ್ತಿಗೆ ಕುಂದಾಗದು. ಎರಡನೆಯ ಆಕ್ಷೇಪ ವಿಚಾರವಾದಿಗಳದು, ಹೆಚ್ಚು ತೂಕದ್ದು: ಇಂಥ ಮಾತಿಗೆ ಏನನ್ನು ಬೇಕಾದರೂ ಹೊಂದಿಸಬಹುದು, ಆದ್ದರಿಂದ ಅದು ಏನನ್ನೂ ಹೇಳುವುದಿಲ್ಲ. ಮೊದಲರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದಕ್ಕೇ ಓದುಗಳನ್ನು ಘಟನೆಗೆ ಮೊದಲೇ ತಾರೀಕು ಹಾಕಿ ಬರೆದಿಡಬೇಕೆಂದದ್ದು. ಆಗ ಹೊಂದಿಸುವ ಚಪಲ ತಾನಾಗಿ ಬಯಲಾಗುತ್ತದೆ, ಭವಿಷ್ಯದ ಹೆಸರಿನಲ್ಲಿ ಜನರನ್ನು ಹೆದರಿಸಿ ದುಡ್ಡು ಮಾಡುವವರ ಕೈಯೂ ಕಟ್ಟಿಬೀಳುತ್ತದೆ. ಎರಡನೆಯರ್ಧವನ್ನು ಒಪ್ಪಲಾರೆ. ಕಾರ್ಣಿಕ ಮಳೆಯ ಬಗ್ಗೆ ಏನೂ ಹೇಳದಿರಬಹುದು, ಕೇಳಿದವರು ಆ ವರ್ಷ ಯಾವುದಕ್ಕೆ ಹೆದರಿದ್ದರು, ಯಾವುದಕ್ಕೆ ಆಸೆಪಟ್ಟಿದ್ದರು ಎಂಬುದನ್ನು ಯಾವ ಸಮೀಕ್ಷೆಗಿಂತಲೂ ಚೆನ್ನಾಗಿ ಹೇಳುತ್ತದೆ. ಸೆಲ್ಡನ್‌ನದು ಗಣಿತ, ಗೊರವಯ್ಯನದು ಆವೇಶ, ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು ಎನ್ನುವವರೂ ಇದ್ದಾರೆ. ಆದರೆ ಅಸಿಮೋವ್ ಆ ಗಣಿತದ ಒಂದು ಸಮೀಕರಣವನ್ನೂ ಓದುಗನ ಮುಂದೆ ಬಿಡಿಸಿ ಸಾಧಿಸಿಲ್ಲ. ನಾವು ಸೆಲ್ಡನ್‌ನನ್ನು ನಂಬುವುದು ಅವನ ಮಾತಿನ ಗತ್ತಿನಿಂದ, ಅವನ ಬಿಂಬ ಕಾಣಿಸಿಕೊಳ್ಳುವ ಗಳಿಗೆಯ ಮೌನದಿಂದ. ಕಾದಂಬರಿಯೊಳಗೆ ಅದರ ಕೆಲಸ ಭವಿಷ್ಯವಾಣಿಯದೇ.

ಓದಲು ಹೊರಟವರು ಪುಸ್ತಕಗಳು ಪ್ರಕಟವಾದ ಕ್ರಮವನ್ನೇ ಹಿಡಿಯಲಿ. ಅಸಿಮೋವ್ ಮುಂದೆ ಬರೆದ, ಕಥೆಯ ಕಾಲದಲ್ಲಿ ಹಿಂದಕ್ಕೆ ಹೋಗುವ ಕಾದಂಬರಿಗಳಿಂದ ಶುರುಮಾಡಿದರೆ ಸೆಲ್ಡನ್ ಒಬ್ಬ ಪರಿಚಿತ ಮನುಷ್ಯನಾಗಿಬಿಡುತ್ತಾನೆ, ದೂರದ ನುಡಿಯಾಗಿ ಉಳಿಯುವುದಿಲ್ಲ. ಸಾರಾಂಶ ಓದಬೇಡಿ. ಇಂಗ್ಲಿಷ್ ಸರಳ, ಹೆಚ್ಚಿನದು ಸಂಭಾಷಣೆ. ಪದವಿ ತರಗತಿಯ ವಿದ್ಯಾರ್ಥಿಗೆ ಕಷ್ಟವಾಗದು. ಪ್ರತಿ ಸಂಕಟ ಎದುರಾದಾಗ ಪುಸ್ತಕ ಮುಚ್ಚಿ, ಸೆಲ್ಡನ್ ಏನು ಹೇಳಿಯಾನು ಎಂದು ಎರಡು ಮೂರು ಊಹೆ ಬರೆದಿಟ್ಟು ಮುಂದೆ ಹೋಗಿ. ಎರಡನೆಯ ಪುಸ್ತಕದಲ್ಲಿ ಮ್ಯೂಲ್ ಎಂಬವನು ಬರುತ್ತಾನೆ. ಮನುಷ್ಯರ ಭಾವನೆಯನ್ನೇ ತಿರುಗಿಸಬಲ್ಲ ಒಬ್ಬಂಟಿ. ಸಮೂಹದ ಲೆಕ್ಕದಲ್ಲಿ ಅವನಿಗೆ ಜಾಗವೇ ಇಲ್ಲ. ಅವನ ದಾಳಿಯ ಹೊತ್ತಿಗೆ ಎಲ್ಲರೂ ಸೆಲ್ಡನ್‌ನ ಬಿಂಬದ ಮುಂದೆ ಸೇರಿರುತ್ತಾರೆ, ಬಿಂಬ ಸರಿಯಾದ ವೇಳೆಗೆ ಕಾಣಿಸಿಕೊಳ್ಳುತ್ತದೆ, ನಡೆಯದೇ ಇರುವ ಬೇರೊಂದು ಸಂಕಟದ ಬಗ್ಗೆ ಶಾಂತವಾಗಿ ವಿವರಿಸತೊಡಗುತ್ತದೆ. ಭವಿಷ್ಯವಾಣಿ ಸುಳ್ಳಾಗುವ ಈ ಪುಟಗಳೇ ಇಡೀ ಸರಣಿಯ ಶಿಖರ ಎಂಬುದು ನನ್ನ ಎಣಿಕೆ, ಏಕೆಂದರೆ ಜನ ಸ್ವತಃ ಯೋಚಿಸುವುದನ್ನು ಬಿಟ್ಟು ಎಷ್ಟು ಕಾಲವಾಗಿತ್ತು ಎಂಬುದು ಅಲ್ಲಿ ಒಮ್ಮೆಲೇ ಕಾಣುತ್ತದೆ. ಮೂರನೆಯ ಪುಸ್ತಕದಲ್ಲಿ ಅಸಿಮೋವ್ ಯೋಜನೆಯನ್ನು ಮತ್ತೆ ಹಳಿಗೆ ತರುತ್ತಾನೆ. ಅದರಿಂದ ಸರಣಿ ಗಟ್ಟಿಯಾಯಿತು ಎನ್ನುವ ಅಭಿಮಾನಿಗಳಿದ್ದಾರೆ, ಆ ಶಿಖರದ ಎತ್ತರ ತಗ್ಗಿತು ಎನ್ನುವವರೂ ಇದ್ದಾರೆ. ನಾನು ಎರಡನೆಯ ಗುಂಪಿನವನು. ನೀವು ಯಾವ ಕಡೆಗೆ ಎಂಬುದನ್ನು ಮೂರೂ ಪುಸ್ತಕ ಓದಿ, ನಿಮ್ಮ ಊಹೆಗಳ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ತೀರ್ಮಾನಿಸಿ.