ಮಿಥುನ, ತುಲಾ ಮತ್ತು ಆಸ್ಪಿರಿನ್

1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಐಸಿಸ್-2 ಪ್ರಯೋಗವು, 17,187 ರೋಗಿಗಳನ್ನು ಒಳಗೊಂಡು, ಹೃದಯಾಘಾತದ ಚಿಕಿತ್ಸಾಕ್ರಮವನ್ನೇ ಮಾರ್ಪಡಿಸಿತೆಂಬುದು ಬಲ್ಲವರೆಲ್ಲ ಒಪ್ಪಿದ ಸಂಗತಿ. ಅದಕ್ಕೆ ಸಲ್ಲತಕ್ಕ ಗೌರವವನ್ನು ಸಲ್ಲಿಸಿಯೇ ಮುಂದುವರಿಯುತ್ತೇನೆ. ಆದರೆ ಆ ಪ್ರಬಂಧದೊಳಗಿನ ರಾಶಿವಾರು ವಿಂಗಡಣೆಗೆ ಸಂಖ್ಯಾಶಾಸ್ತ್ರದ ಅಧ್ಯಾಪಕರಲ್ಲಿ ಬಂದಿರುವ ಕೀರ್ತಿಯು ತಪ್ಪು ಕಾರಣಕ್ಕಾಗಿ ಬಂದುದು.

ಆಸ್ಪಿರಿನ್ ಕೊಟ್ಟವರಲ್ಲಿ ಐದು ವಾರಗಳೊಳಗಿನ ಹೃದಯ-ರಕ್ತನಾಳ ಸಂಬಂಧದ ಮರಣಗಳು ಶೇಕಡ 23ರಷ್ಟು ಇಳಿದಿದ್ದವು. ರೋಗಿಗಳನ್ನು ಸೂರ್ಯರಾಶಿಯಂತೆ ವಿಭಾಗಿಸಿದಾಗಲಾದರೋ, ಮಿಥುನ-ತುಲಾದವರಲ್ಲಿ ಆಸ್ಪಿರಿನ್ ಪಡೆದವರು ಶೇಕಡ 11.1, ಹುಸಿಗುಳಿಗೆ ಪಡೆದವರು 10.2ರಂತೆ ಮೃತರಾಗಿದ್ದರು, ಉಳಿದ ಹತ್ತು ರಾಶಿಗಳಲ್ಲಿ ಈ ಅಂಕಿಗಳು 9.0 ಮತ್ತು 12.1. ಕೋಷ್ಟಕವನ್ನು ಕಂಡವರು ನಗುತ್ತಾರೆ, ಉಪಗುಂಪುಗಳನ್ನು ನಂಬಬಾರದೆಂಬ ಪಾಠ ಮುಗಿಯಿತೆಂದು ಪುಟ ತಿರುವುತ್ತಾರೆ.

ಪಾಠವು ಆರಂಭವಾಗಬೇಕಾದದ್ದೇ ಅಲ್ಲಿ. ಒಂದೊಂದು ಗುಂಪಿನ ಪಿ-ಮೌಲ್ಯವನ್ನು ಬೇರೆಬೇರೆಯಾಗಿ ನೋಡದೆ ಗುಂಪುಗಳ ನಡುವಣ ಅಂತರವನ್ನೇ ಪರೀಕ್ಷಿಸಬೇಕೆಂದು ಪಠ್ಯಗಳು ವಿಧಿಸುತ್ತವೆ. ಹಾಗೆಯೇ ಮಾಡೋಣ. ಒಂದೆಡೆ ಶೇಕಡ 9ರ ಹಾನಿ, ಅದರ ಪ್ರಮಾಣದೋಷ 13. ಇನ್ನೊಂದೆಡೆ 28ರ ಲಾಭ, ಪ್ರಮಾಣದೋಷ 5. ಅಂತರವು 37, ಅದರ ಪ್ರಮಾಣದೋಷ ಸುಮಾರು 14, ಪಿ-ಮೌಲ್ಯ 0.01ಕ್ಕಿಂತ ಕಡಿಮೆ. ಎಂದರೆ ವಿಹಿತ ಪರೀಕ್ಷೆಯಲ್ಲಿಯೂ ಈ ಅಸಂಬದ್ಧ ಸಿದ್ಧಾಂತವು ಉತ್ತೀರ್ಣವಾಗುತ್ತದೆ! ಮಿಥುನ, ತುಲಾ ಎರಡೂ ವಾಯುತತ್ತ್ವದ ರಾಶಿಗಳೆಂದು ಜ್ಯೋತಿಷಿಯೊಬ್ಬನು ಕಾರಣವನ್ನೂ ಒದಗಿಸಿಯಾನು. ಆದರೆ ಅದೇ ತತ್ತ್ವದ ಕುಂಭವು ಹೊರಗುಳಿದಿರುವುದರಿಂದ, ಜೋಡಿಯನ್ನು ಆಯ್ದುದು ತತ್ತ್ವವಲ್ಲ, ಫಲಿತಾಂಶವೇ ಎಂಬುದು ಸ್ಪಷ್ಟ. ಹನ್ನೆರಡು ರಾಶಿಗಳಿಂದ 66 ಜೋಡಿಗಳು ಸಾಧ್ಯ. ನಮ್ಮನ್ನು ಭ್ರಾಂತಿಯಿಂದ ಉಳಿಸಬಲ್ಲುದು ಆ 66 ಎಂಬ ಸಂಖ್ಯೆಯೊಂದೇ, ಅದಾದರೋ ಕೋಷ್ಟಕದಲ್ಲಿಲ್ಲ.

ರಾಶಿಯ ಸ್ಥಾನದಲ್ಲಿ ಲಿಂಗವಿದ್ದಿದ್ದರೆ ಯಾರೂ ನಗುತ್ತಿರಲಿಲ್ಲ, ನಗಲೂ ಇಲ್ಲ. ಪಾರ್ಶ್ವವಾಯುವಿನ ಮುನ್ಸೂಚನೆಯಿದ್ದ 585 ರೋಗಿಗಳ ಕೆನಡಾದ ಪ್ರಯೋಗವೊಂದು 1978ರಲ್ಲಿ ಆಸ್ಪಿರಿನ್ ಪುರುಷರಿಗೆ ಹಿತ, ಸ್ತ್ರೀಯರಿಗೆ ನಿಷ್ಪ್ರಯೋಜಕವೆಂದು ತೋರಿಸಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 1980ರಲ್ಲಿ ಈ ಉಪಯೋಗಕ್ಕೆ ಪುರುಷರಿಗೆ ಮಾತ್ರ ಅನುಮತಿಯಿತ್ತಿತು. ಸ್ತ್ರೀಯರಿಗೂ ಅದನ್ನು ವಿಸ್ತರಿಸಿದ್ದು 1998ರಲ್ಲಿ. ಅಷ್ಟರೊಳಗೆ ಅನೇಕ ಪ್ರಯೋಗಗಳ ಒಟ್ಟು ಲೆಕ್ಕದಿಂದ ಸ್ತ್ರೀಯರಿಗೂ ಲಾಭವುಂಟೆಂದು ತಿಳಿದುಬಂದಿತ್ತು. ರಾಶಿಯ ಕೋಷ್ಟಕವು ನಗೆ ಹುಟ್ಟಿಸುವುದರಿಂದಲೇ ನಮ್ಮನ್ನು ಎಚ್ಚರಿಸದು; ವಂಚಿಸತಕ್ಕುದು ಸಂಭಾವ್ಯವೆಂದು ತೋರುವ ವಿಂಗಡಣೆ.

ಇದೇ ಕೋಷ್ಟಕವನ್ನು ಹಿಡಿದು ಉಪಗುಂಪಿನತ್ತ ಕಣ್ಣೆತ್ತಲೇ ಬಾರದೆನ್ನುವ ವಿಮರ್ಶಕರೊಡನೆಯೂ ನನಗೆ ಸಮ್ಮತಿಯಿಲ್ಲ. ದೊಡ್ಡಕರುಳಿನ ಕ್ಯಾನ್ಸರಿಗೆ ಕೊಡುವ ಸೆಟುಕ್ಸಿಮ್ಯಾಬ್ ಔಷಧವು ಕೆ-ರಾಸ್ ಜೀನ್ ವಿಕೃತವಾದ ಗೆಡ್ಡೆಗಳ ಮೇಲೆ ನಿಷ್ಫಲವೆಂಬುದು 2008ರಲ್ಲಿ ಸ್ಥಿರಪಟ್ಟದ್ದು, ಪ್ರಯೋಗ ಮುಗಿದ ಬಳಿಕ, ಕಾದಿರಿಸಿದ್ದ ಗೆಡ್ಡೆಯ ತುಣುಕುಗಳನ್ನು ವಿಂಗಡಿಸಿ ನೋಡಿದ್ದರಿಂದಲೇ. ಅಲ್ಲಿ ಪ್ರಶ್ನೆಯು ಹುಟ್ಟಿದ್ದು ಔಷಧದ ಕ್ರಿಯಾಮಾರ್ಗದ ಜ್ಞಾನದಿಂದ, ಅಂಕಿಗಳ ಶೋಧನೆಯಿಂದಲ್ಲ. ನಿಷೇಧವಾದಿಗಳ ಮಾತನ್ನು ಕೇಳಿದ್ದಿದ್ದರೆ ಆ ರೋಗಿಗಳು ಇಂದಿಗೂ ವ್ಯರ್ಥವಾಗಿ ವಿಷವನ್ನು ಸಹಿಸುತ್ತಿದ್ದರು.