ಸುಭದ್ರೆಯ ಅಳಲು, ಭಾಗವತರ ಕಂಠ

ಪಾಶ್ಚಾತ್ಯ ಸಂಗೀತನಾಟಕವಾದ ಆಪೆರಾದಲ್ಲಿ ಪಾತ್ರಧಾರಿಯು ತನ್ನ ಅಳಲನ್ನು ತಾನೇ ಹಾಡಿಕೊಳ್ಳುವ ಗೀತೆಗೆ ಆರಿಯಾ ಎಂಬ ಹೆಸರಿದ್ದು, ಕರಾವಳಿಯ ಯಕ್ಷಗಾನದಲ್ಲಿ ಆ ಹೊಣೆಯನ್ನು ಭಾಗವತರು, ಅಂದರೆ ಆಟವನ್ನು ನಡೆಸುವ ಮುಖ್ಯ ಗಾಯಕರು, ಹೊರುತ್ತಾರೆ. ‘ಅಭಿಮನ್ಯು ಕಾಳಗ’ದಲ್ಲಿ ಚಕ್ರವ್ಯೂಹಕ್ಕೆ ಹೊರಟ ಮಗನನ್ನು ಸುಭದ್ರೆ ತಡೆಯುವಾಗ, ಚೆಂಡೆ ಹಿಂದೆ ಸರಿದು ಮದ್ದಳೆಯ ಮೆಲುದನಿಯಷ್ಟೇ ಜೊತೆಗಿದ್ದು, ಭಾಗವತರ ಕಂಠವೇ ತಾಯಿಯದಾಗುತ್ತದೆ, ವೇಷಧಾರಿಯು ಅದನ್ನು ಅಭಿನಯಿಸಿ, ಬಳಿಕ ಅರ್ಥ ಎನ್ನಿಸುವ ಆಶುಮಾತಿನಲ್ಲಿ ಬೆಳೆಸುತ್ತಾರೆ. ತಾಯಿಗೆ ಬೇಕಾದುದು ಮಗನ ಜೀವ, ಮಗನಿಗೆ ವಂಶದ ಮಾನ. ಇಬ್ಬರ ವಾದವೂ ಸರಿಯೆನ್ನಿಸುವುದರಿಂದಲೇ ಈ ಸನ್ನಿವೇಶ ಎದೆಯನ್ನು ಇರಿಯುತ್ತದೆ. ಮಾತು ಅತಿಯಾದರೆ (ಅದೇನೂ ಅಪರೂಪವಲ್ಲ) ಶೋಕ ತೆಳುವಾಗುವುದರಿಂದ, ಇಲ್ಲಿ ಅರ್ಥಕ್ಕಿಂತ ಪದ್ಯವೇ ಮೇಲು.