‘ರಿಪ್ರೋಚ್‌ಫುಲಿ’: ಒಂದು ಕ್ರಿಯಾವಿಶೇಷಣದ ಅರ್ಥವಿಚಾರ

ಆಂಗ್ಲ ಭಾಷೆಯ ಹಳೆಯ ಗ್ರಂಥಗಳನ್ನು ಓದುವಾಗ ಅಪರಿಚಿತ ಪದಗಳಿಂದ ಆಗುವ ತೊಡಕು ಅಷ್ಟೇನೂ ದೊಡ್ಡದಲ್ಲ. ಅಂಥ ಪದ ಎದುರಾದೊಡನೆ ವಿದ್ಯಾರ್ಥಿಯು ನಿಘಂಟನ್ನು ತೆರೆಯುತ್ತಾನೆ. ಚೆನ್ನಾಗಿ ಬಲ್ಲೆವೆಂದು ನಾವು ನೆಚ್ಚಿದ ಪದವೇ ಮೋಸಮಾಡುವುದು. ‘ರಿಪ್ರೋಚ್‌ಫುಲಿ’ ಎಂಬ ಕ್ರಿಯಾವಿಶೇಷಣ ಈ ಬಗೆಯದು. ಹತ್ತೊಂಬತ್ತನೆಯ ಶತಮಾನದ ಕಾದಂಬರಿಗಳಲ್ಲಿ ಇದು ಬಳಕೆಯ ಮಾತು. ಹದಿನೇಳನೆಯ ಶತಮಾನದ ಆದಿಭಾಗದಲ್ಲಿ ವಿರಳ. 1611ರ ಆಂಗ್ಲ ಬೈಬಲ್ಲಿನಂಥ ಬೃಹದ್ಗ್ರಂಥದಲ್ಲಿ ಇದು ಬಂದಿರುವುದು ಎರಡೇ ಎಡೆಗಳಲ್ಲಿ. ಹಳೆಯ ಪ್ರಯೋಗಕ್ಕೂ ಹೊಸ ಪ್ರಯೋಗಕ್ಕೂ ಇರುವ ಅಂತರ ಕೇವಲ ತೀವ್ರತೆಯ ಅಂತರವಲ್ಲ. ತಪ್ಪು ಯಾರದೆಂಬುದೇ ಇಲ್ಲಿ ಅದಲುಬದಲಾಗಿದೆ ಎಂಬುದು ನಮ್ಮ ಅಭಿಪ್ರಾಯ.

ಯೋಬನ ಗ್ರಂಥದ ಹದಿನಾರನೆಯ ಅಧ್ಯಾಯದ ಹತ್ತನೆಯ ವಾಕ್ಯವನ್ನು ಮೊದಲು ನೋಡಬಹುದು. ಜನರು ತನ್ನ ಮೇಲೆ ಬಾಯಿ ತೆರೆದರೆಂದೂ ತನ್ನ ಕೆನ್ನೆಗೆ ಹೊಡೆದರೆಂದೂ ಯೋಬನು ಗೋಳಿಡುತ್ತಾನೆ. ಹೊಡೆದ ರೀತಿಯನ್ನು ತಿಳಿಸಲು ಭಾಷಾಂತರಕಾರರು ನಮ್ಮ ಪದವನ್ನು ಬಳಸಿದ್ದಾರೆ. ಹೀಬ್ರೂ ಮೂಲದಲ್ಲಿರುವುದು ಕ್ರಿಯಾವಿಶೇಷಣವಲ್ಲ. ‘ಹೆರ್ಪಾ’, ಎಂದರೆ ಅಪಮಾನ, ತಿರಸ್ಕಾರ ಎಂಬ ನಾಮಪದ. ಆದುದರಿಂದ ಅರ್ಥ ಸ್ಪಷ್ಟ: ಅವನಿಗೆ ಮಾನಭಂಗವಾಗುವಂತೆ ಹೊಡೆದರು. ಇಂದಿನ ಅರ್ಥವನ್ನು ಇಲ್ಲಿಗೆ ತಂದರೆ, ನೊಂದ ಮುಖಮಾಡಿಕೊಂಡು ಕೆನ್ನೆಗೆ ಹೊಡೆಯುವ ವಿಚಿತ್ರ ಚಿತ್ರವೊಂದು ಕಣ್ಣಮುಂದೆ ನಿಲ್ಲುತ್ತದೆ. ಒಂದು ಸ್ವಾರಸ್ಯವನ್ನು ಇಲ್ಲಿಯೇ ಹೇಳಬಹುದು. ಇಂದಿನ ಅರ್ಥದಲ್ಲಿ ಯೋಬನನ್ನು ಆಕ್ಷೇಪಿಸುವವರು ಯಾರಾದರೂ ಇದ್ದರೆ, ಅವನು ಪಾಪಮಾಡಿರಲೇಬೇಕೆಂದು ವಾದಿಸುವ ಅವನ ಸ್ನೇಹಿತರು. ಆ ಅಧ್ಯಾಯದಲ್ಲಿ ಈ ಪದ ಅವರ ಪಾಲಿಗೆ ಬಂದಿಲ್ಲ. ಹೊಡೆದವರ ಪಾಲಿಗೆ ಬಂದಿದೆ.

ಎರಡನೆಯ ಪ್ರಯೋಗ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿದೆ. ಪ್ರಾಯದ ವಿಧವೆಯರು ಮದುವೆಯಾಗಿ ಮನೆವಾರ್ತೆ ನೋಡಿಕೊಳ್ಳಲಿ, ವಿರೋಧಿಯು ಹಾಗೆ ಮಾತನಾಡಲು ಆಸ್ಪದ ಕೊಡದಿರಲಿ ಎಂಬುದು ಅಲ್ಲಿಯ ಉಪದೇಶ. ಗ್ರೀಕ್ ಮೂಲದ ‘ಲೋಯ್ದೊರಿಯಾ’ ಎಂದರೆ ನಿಂದೆ, ಬೈಗುಳ. 1560ರ ಜಿನೀವಾ ಬೈಬಲ್ಲಿನಲ್ಲಿ ಕೆಟ್ಟದ್ದಾಡು ಎಂಬ ಸರಳವಾದ ಮಾತಿತ್ತು. 1611ರವರು ನಾಮಪದವನ್ನು ಬಿಟ್ಟು ಕ್ರಿಯಾವಿಶೇಷಣವನ್ನು ಹಿಡಿದರು. ಹಾಗೆ ಮಾತನಾಡುವವನು ಇಲ್ಲಿ ಶತ್ರು, ನೊಂದ ಆತ್ಮೀಯನಲ್ಲ. ಅವನ ಬಾಯಲ್ಲಿ ಹೊರಡುವುದು ಹತ್ತು ಜನರ ಎದುರಿನ ಅಪವಾದ.

ಷೇಕ್ಸ್‌ಪಿಯರನ ‘ಆರನೆಯ ಹೆನ್ರಿ’ಯ ಎರಡನೆಯ ಭಾಗದಲ್ಲಿರುವ ಪ್ರಯೋಗ ಇವೆರಡಕ್ಕಿಂತಲೂ ಅರ್ಥವತ್ತಾದುದು. ಎರಡನೆಯ ಅಂಕದ ನಾಲ್ಕನೆಯ ದೃಶ್ಯದಲ್ಲಿ ಗ್ಲಾಸ್ಟರಿನ ಡಚೆಸ್ ಎಲಿನರ್ ಬಿಳಿಯ ಬಟ್ಟೆ ಹೊದ್ದು, ಬರಿಗಾಲಿನಲ್ಲಿ, ಕೈಯಲ್ಲಿ ಉರಿಯುವ ಮೇಣದ ಬತ್ತಿ ಹಿಡಿದು ಬೀದಿಯಲ್ಲಿ ನಡೆಯಬೇಕಾಗಿದೆ. ಅವಳನ್ನು ಮ್ಯಾನ್ ದ್ವೀಪಕ್ಕೆ ಕರೆದೊಯ್ಯುವವನು ಸ್ಟ್ಯಾನ್ಲಿ. ನಿನ್ನ ಸ್ಥಿತಿಗೆ ತಕ್ಕಂತೆ ನಡೆಸಿಕೊಳ್ಳುತ್ತೇವೆಂದು ಅವನು ಹೇಳಿದಾಗ, ತಾನು ಅಪಕೀರ್ತಿಯೇ ಆಗಿರುವಾಗ ತನ್ನನ್ನು ಹಾಗೆಯೇ ನಡೆಸಿಕೊಳ್ಳುವುದು ಉಂಟೋ ಎಂದು ಅವಳು ಕೇಳುತ್ತಾಳೆ. ನಾಮಪದವೂ ಅದರಿಂದಾದ ಕ್ರಿಯಾವಿಶೇಷಣವೂ ಬೆನ್ನುಬೆನ್ನಿಗೆ ಬಂದಿವೆ. ಪದವು ಇಲ್ಲಿ ಮಾತಿಗಾಗಲಿ ನೋಟಕ್ಕಾಗಲಿ ಅಂಟಿಕೊಂಡಿಲ್ಲ. ನಡೆಸಿಕೊಳ್ಳುವ ರೀತಿಗೆ ಅಂಟಿಕೊಂಡಿದೆ. ಸ್ಟ್ಯಾನ್ಲಿಯ ಉತ್ತರವೂ ಇದನ್ನೇ ಸ್ಥಿರಪಡಿಸುತ್ತದೆ: ಡಚೆಸ್‌ಗೆ, ಹಂಫ್ರಿ ಪ್ರಭುವಿನ ಪತ್ನಿಗೆ, ಸಲ್ಲುವ ಮರ್ಯಾದೆ ಅವಳಿಗೆ ಸಲ್ಲುತ್ತದಂತೆ. ಅಂತಸ್ತಿನ ಮಾತು ಬಂದದ್ದು ಪ್ರಶ್ನೆ ಅಂತಸ್ತಿನದಾದ್ದರಿಂದಲೇ.

ಡಿಕನ್ಸ್ ಮೊದಲಾದವರ ಕಾಲಕ್ಕೆ ಬಂದರೆ ಪದದ ನೆಲೆಯೇ ಬೇರೆ. ಬೀದಿಯಿಂದ ಅದು ಮನೆಯೊಳಕ್ಕೆ ಬಂದಿದೆ. ಹೆಂಡತಿ ಗಂಡನನ್ನು, ಮಗು ತಾಯಿಯನ್ನು, ಕೆಲವೊಮ್ಮೆ ಸಾಕಿದ ನಾಯಿ ಯಜಮಾನನನ್ನು ಹಾಗೆ ನೋಡುವುದುಂಟು. ಸಂಭಾಷಣೆಯ ಕೊನೆಗೆ ಧ್ವನಿಯ ಬಣ್ಣವನ್ನು ಸೂಚಿಸಲು ಕಾದಂಬರಿಕಾರನಿಗೆ ಒಂದು ಚಿಕ್ಕ ಪದ ಬೇಕಿತ್ತು, ಇದು ಒದಗಿತು. ಹಿಂದೆ ಈ ಪದವನ್ನು ಹೊತ್ತವನು ಅನ್ಯಾಯಗಾರ, ಈಗ ಹೊತ್ತವನು ಅನ್ಯಾಯಕ್ಕೆ ಒಳಗಾದವನು. ಹಿಂದೆ ವಾಚಕರ ಮರುಕ ಎದುರಿನವನ ಮೇಲಿತ್ತು. ಈಗ ನೋಡುವವನ ಮೇಲೆಯೇ ಇದೆ.

ಬೈಬಲ್ಲಿನ ಪರಿಷ್ಕರಣಗಳು ಇದಕ್ಕೆ ಸಾಕ್ಷಿಯಾಗುತ್ತವೆಯೆ? 1881ರಲ್ಲಿ ಪ್ರಕಟವಾದ ಪರಿಷ್ಕೃತ ಹೊಸ ಒಡಂಬಡಿಕೆಯಲ್ಲಿ ಈ ಪದ ಹೋಗಿ ನಿಂದೆ ಎಂಬರ್ಥದ ಪದ ಬಂದಿದೆ. ಆದರೆ ಇದನ್ನು ಅರ್ಥವ್ಯತ್ಯಾಸದ ಲೆಕ್ಕಕ್ಕೆ ಸೇರಿಸಲು ನಾವು ಹಿಂಜರಿಯುತ್ತೇವೆ. ಗ್ರೀಕ್ ನಾಮಪದಕ್ಕೆ ಹೆಚ್ಚು ನಿಷ್ಠರಾಗಿರಬೇಕೆಂಬ ಉದ್ದೇಶವೇ ಅದಕ್ಕೆ ಸಾಕಷ್ಟು ಕಾರಣ. ಹಳೆಯ ಒಡಂಬಡಿಕೆಯ ಪರಿಷ್ಕಾರಕರು ಬೇರೊಂದು ಮಂಡಲಿಯವರು. 1885ರಲ್ಲಿ ಹೊರಬಂದ ಅವರ ಪಾಠದಲ್ಲಿ ಯೋಬನ ವಾಕ್ಯದ ಪದ ಹಾಗೆಯೇ ಉಳಿಯಿತು. ನಿರ್ಣಾಯಕವಾದುದು 1952ರ ಪರಿಷ್ಕೃತ ಪ್ರಮಾಣ ಪಾಠ. ಅಲ್ಲಿ ಯೋಬನ ಕೆನ್ನೆಗೆ ಬೀಳುವ ಪೆಟ್ಟು ಉದ್ಧಟತನದ ಪೆಟ್ಟಾಗಿದೆ. ಹೀಬ್ರೂ ಪಾಠ ಬದಲಾಗಿರಲಿಲ್ಲ, ಬದಲಾದದ್ದು ಆಂಗ್ಲ ಪದದ ಬಾಳು.

ಕನ್ನಡದಲ್ಲಿ ಪಾಠಹೇಳುವವರಿಗೆ ಇದರಿಂದ ಒಂದು ಕೆಲಸ ಒದಗುತ್ತದೆ. ನಿಘಂಟನ್ನು ನೆಚ್ಚಿ ಎಲ್ಲೆಡೆಯೂ ‘ಆಕ್ಷೇಪಣೆಯಿಂದ’ ಎಂದು ಬರೆಸಿಬಿಡುವುದು ಸುಲಭ. ಅದು ಎರಡು ಕಡೆಗೂ ಸಲ್ಲದು. ಕಾದಂಬರಿಗೆ ‘ಹೀಗೆ ಮಾಡಬಹುದೆ ಎಂಬಂತೆ ನೋಡಿದಳು’ ಎಂದರೆ ಸಾಕು. ಯೋಬನ ವಾಕ್ಯಕ್ಕೆ ನಮ್ಮ ‘ಮೂದಲಿಸು’ ಹೆಚ್ಚು ಹತ್ತಿರದ್ದು. ಕೊಳದಲ್ಲಿ ಅಡಗಿದ ದುರ್ಯೋಧನನನ್ನು ರನ್ನನ ಭೀಮ ಮೂದಲಿಸುವಲ್ಲಿ ನೋವಿನ ದನಿಯಿಲ್ಲ. ಎದುರಿನವನ ಮಾನಕ್ಕೆ ಕೈಹಾಕುವ ಬಿರುಸಿದೆ. ಎಲಿನರಳ ಮಾತಿಗೆ ಮಾತ್ರ ಇದೂ ಸಾಲದು. ಅಲ್ಲಿ ನಾಮಪದಕ್ಕೂ ಕ್ರಿಯಾವಿಶೇಷಣಕ್ಕೂ ಒಂದೇ ಧಾತು ಬೇಕು: ‘ನಾನೇ ಅವಮಾನವಾಗಿದ್ದೇನೆ, ನನ್ನನ್ನು ಅವಮಾನದಿಂದಲೇ ಕಾಣುವಿರಾ?’ ಎಂಬಂತೆ ತಿರುಗಿಸಿದರೆ ಅವಳ ಕಹಿಯಲ್ಲಿ ಬಹುಪಾಲು ಉಳಿಯುತ್ತದೆ.